ಬಯಲುಸೀಮೆಯವರಿಗೊಂದು ಕಡಲೂರು

ವೈಶಾಖದ ಬಿಸಿಲೇರಿ, ಬಾದಾಮಿಯ ಕೆಂಗಲ್ಲಿನ ಬೆಟ್ಟಗಳು ಹಗಲೆಲ್ಲ ಹೀರಿದ ತಾಪವನ್ನು ಇರುಳಿನಲ್ಲಿ ಮರಳಿ ಸೂಸತೊಡಗಿದಾಗ, ಇಳಕಲ್ಲು ಗುಳೇದಗುಡ್ಡಗಳ ಮಗ್ಗದ ಮನೆಗಳಲ್ಲಿ ನಡುಹಗಲಿಗೆ ಕೈಯಾಡದಂತಾದಾಗ, ಬಾಗಲಕೋಟೆಯ ಬದಿಯ ಆಲಮಟ್ಟಿಯ ಹಿನ್ನೀರು ಸರಿದು ಬಿರುಕುಬಿಟ್ಟ ಎರೆನೆಲ ಬಯಲಾದಾಗ, ರಜೆಯಲ್ಲಿರುವ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಕಡಲ ದಂಡೆಯಲ್ಲಿ ನೆಮ್ಮದಿಯಿಂದ ಇದ್ದು ಬರೋಣವೆಂಬ ಅಭಿಲಾಷೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮೂಡುತ್ತದೆ. ಅಭಿಲಾಷೆಯೇನೋ ಸಹಜವೇ, ಆದರೆ ಯಾವ ಊರಿಗೆ ಹೋಗಬೇಕೆಂಬ ವಿಷಯದಲ್ಲಿ ಮಾತ್ರ ನಾವು ಸಾಕಷ್ಟು ವಿವೇಚನೆ ಮಾಡುವುದಿಲ್ಲ.

ಗೋಕರ್ಣ, ಮುರುಡೇಶ್ವರಗಳ ಹೆಸರೇ ಮೊದಲು ನಾಲಗೆಗೆ ಬರುತ್ತದೆ. ಅವೆರಡೂ ಪುಣ್ಯಕ್ಷೇತ್ರಗಳು, ದರ್ಶನಾರ್ಥಿಗಳಾಗಿ ಹೋಗುವವರಿಗೆ ಅಲ್ಲಿಯ ಜನಸಮ್ಮರ್ದವೂ ಭಕ್ತಿಯ ಒಂದು ಅಂಗವೇ ಆದೀತು. ಆದರೆ ವಿಶ್ರಾಂತಿಯೇ ಉದ್ದೇಶವಾಗಿದ್ದರೆ, ಯಾತ್ರಿಕರಿಗಾಗಿ ಕಾದು ಕುಳಿತಿರುವ ಊರಿಗಿಂತ, ಯಾರು ಬಂದರೂ ಬಾರದಿದ್ದರೂ ತನ್ನ ಮೀನುಗಾರಿಕೆ, ತನ್ನ ಸಂತೆ, ತನ್ನ ಶಾಲೆ ಆಸ್ಪತ್ರೆಗಳೊಡನೆ ತನ್ನ ಪಾಡಿಗೆ ತಾನು ಬಾಳುತ್ತಿರುವ ಊರನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ಊರುಗಳಲ್ಲಿ ನಾನು ಮೊದಲ ಸ್ಥಾನವನ್ನು ಕೊಡುವುದು ಉತ್ತರ ಕನ್ನಡದ ಕುಮಟೆಗೆ.

ಕಡಲು ತಮಗೆ ಅಪರಿಚಿತವೆಂದು ನಮ್ಮ ಸೀಮೆಯವರು ಭಾವಿಸಬೇಕಾಗಿಲ್ಲ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಬಸದಿಯಲ್ಲಿರುವ, ಕ್ರಿ.ಶ. 634ರ ರವಿಕೀರ್ತಿಯ ಶಾಸನವು, ಬಾದಾಮಿಯ ಇಮ್ಮಡಿ ಪುಲಕೇಶಿಯು ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರತೀರದ ಪುರಿಯನ್ನು ಮುತ್ತಿದ ವೃತ್ತಾಂತವನ್ನು ಹೇಳುತ್ತದೆ. ಕುಮಟೆಯ ನಂಟಾದರೋ ಇದಕ್ಕಿಂತ ಈಚಿನದು, ಇದಕ್ಕಿಂತ ನಿಕಟವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಹುಬ್ಬಳ್ಳಿ, ಶಿರಸಿಗಳನ್ನು ದಾಟಿ, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ನೆಲದ ಹೆಸರಿಗೆ ಬದಲಾಗಿ ಬಂದರಿನ ಹೆಸರೇ ನಿಂತು, ಆ ಜಾತಿಯ ಹತ್ತಿ ಪೇಟೆಯಲ್ಲೆಲ್ಲ ‘ಕುಮಟಾ ಹತ್ತಿ’ಯೆಂದೇ ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಂತಾದಾಗ ಈ ವ್ಯಾಪಾರವು ಉಚ್ಛ್ರಾಯಸ್ಥಿತಿಗೇರಿತು. ಮುಂದೆ 1880ರ ದಶಕದಲ್ಲಿ ರೈಲುಮಾರ್ಗವು ಒಳನಾಡನ್ನು ಮುರ್ಮಗೋವೆಯ ಬಂದರಿಗೆ ಜೋಡಿಸಿದ ಮೇಲೆ ಬಂಡಿಗಳ ಸಾಲು ಕ್ಷೀಣಿಸಿತು, ಬಂದರು ಮೌನವಾಯಿತು. ಇಂದು ನಮಗೆ ಅಲ್ಲಿ ದೊರೆಯುವ ನಿಶ್ಶಬ್ದತೆಯ ಒಂದು ಪಾಲು ಆ ಕಾಲದಿಂದ ಬಂದದ್ದು.

ಹವೆಯ ವಿಷಯದಲ್ಲಿ ಸತ್ಯವನ್ನೇ ಹೇಳಬೇಕು. ಕರಾವಳಿ ತಂಪಿನ ನಾಡಲ್ಲ. ನಮ್ಮಲ್ಲಿ ಉಷ್ಣಮಾನ 40 ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಅಲ್ಲಿ 35ರ ಆಚೀಚೆ ನಿಲ್ಲುವುದಾದರೂ, ಗಾಳಿಯಲ್ಲಿ ತೇವಾಂಶ ಹೆಚ್ಚಾದುದರಿಂದ ಬೆವರು ಆರುವುದಿಲ್ಲ. ಒಣಬಿಸಿಲಿಗೆ ಒಗ್ಗಿದ ಮೈಗೆ ಮೊದಲೆರಡು ದಿನ ಕಸಿವಿಸಿಯಾಗುವುದು ನಿಶ್ಚಯ. ನೆಲವು ನೀರಿಗಿಂತ ಬೇಗ ಕಾಯುವುದರಿಂದ ಅದರ ಮೇಲಣ ಗಾಳಿ ಹಗುರಾಗಿ ಮೇಲೇರಿ, ಆ ತೆರವನ್ನು ತುಂಬಲು ಕಡಲ ಕಡೆಯಿಂದ ಗಾಳಿ ನುಗ್ಗಿಬರುವುದು ಅಪರಾಹ್ನದ ಹೊತ್ತಿಗೆ. ಆದಕಾರಣ ವಸತಿಯನ್ನು ಹಿಡಿಯುವಾಗ ಪಡುವಣಕ್ಕೆ ಕಿಟಕಿಯಿರುವ ಕೋಣೆಯನ್ನೇ ಕೇಳಿ ಪಡೆಯುವುದು ಲೇಸು.

ಕುಮಟೆಯ ಸುತ್ತ ಕಡ್ಲೆ, ಬಾಡ, ಧಾರೇಶ್ವರಗಳ ಮರಳದಂಡೆಗಳುಂಟು. ಆದರೆ ನನ್ನ ಮನಸ್ಸು ಅವೆಲ್ಲಕ್ಕಿಂತ ಹೆಚ್ಚಾಗಿ ನೆಲಸುವುದು ಅಘನಾಶಿನಿಯ ಅಳಿವೆಯಲ್ಲಿ. ಶಿರಸಿಯ ಮಲೆಗಳಲ್ಲಿ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಲುಕದೆ ಕಡಲನ್ನು ಸೇರುವ ನದಿ ಅದು. ಕೃಷ್ಣೆಯ ಹಿನ್ನೀರಿಗೆ ಮನೆಮಠಗಳನ್ನೂ ಹಳೆಯ ಪೇಟೆಯನ್ನೂ ಒಪ್ಪಿಸಿಕೊಟ್ಟ ಬಾಗಲಕೋಟೆಯವರು ಆ ದಂಡೆಯಲ್ಲಿ ನಿಂತಾಗ, ಸ್ವಚ್ಛಂದವಾಗಿ ಹರಿಯುವ ನೀರಿನ ಬೆಲೆ ಅವರಿಗೆ ತಿಳಿದಷ್ಟು ಬೇರಾರಿಗೂ ತಿಳಿಯಲಾರದು. ದಿನಕ್ಕೆ ಎರಡು ಸಲ ಉಬ್ಬರವೇರಿ ಉಪ್ಪುನೀರು ಒಳನುಗ್ಗುತ್ತದೆ, ಎರಡು ಸಲ ಇಳಿಯುತ್ತದೆ; ಇಳಿತದ ವೇಳೆಗೆ ಹೆಂಗಸರೂ ಗಂಡಸರೂ ಕೆಸರಿಗಿಳಿದು ಬೆಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಉಪ್ಪುನೀರನ್ನು ಸಹಿಸಿ ಬೆಳೆಯುವ ‘ಕಗ್ಗ’ವೆಂಬ ಭತ್ತ ಇಲ್ಲಿಯ ಗಜನಿ ಗದ್ದೆಗಳದು. ಆಚೆಯ ದಂಡೆಯ ಸಾಣಿಕಟ್ಟೆಯಲ್ಲಿ, ಅದೇ ಬಿಸಿಲು ಆಗರಗಳ ನೀರನ್ನು ಆರಿಸಿ ಉಪ್ಪಿನ ರಾಶಿಗಳನ್ನು ಮಾಡುವುದನ್ನು ಮಕ್ಕಳಿಗೆ ತೋರಿಸಬೇಕು. 1930ರ ಏಪ್ರಿಲಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆಯೂ ಇಲ್ಲಿಗೆ ದೂರವಲ್ಲ.

ಊಟದ ಚಿಂತೆ ನಮ್ಮವರಿಗೆ ದೊಡ್ಡದು. ಜೋಳದ ರೊಟ್ಟಿ ಅಲ್ಲಿ ಸುಲಭವಾಗಿ ಸಿಕ್ಕದು. ಹಿಟ್ಟನ್ನು ಕಟ್ಟಿಕೊಂಡು ಹೋಗುವುದರಲ್ಲಿ ಸಂಕೋಚವೇನೂ ಬೇಡ. ಆದರೆ ಮುರುಗಲು ಹಣ್ಣಿನ ಪಾನಕವನ್ನೂ ಅಪ್ಪೆಹುಳಿಯನ್ನೂ ಬಿಡಬಾರದು. 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಅಂಕೋಲೆಯ ಕರಿ ಇಶಾಡು ಮಾವು ಮೇ ತಿಂಗಳಲ್ಲಿ ಪೇಟೆಗೆ ಬರುತ್ತದೆ. ಉಳ್ಳಾಗಡ್ಡಿಯನ್ನು ಬೆಳೆಯುವ ನಮ್ಮ ರೈತರಂತೂ ಕುಮಟೆಯ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯನ್ನು ಕಚ್ಚಿ ನೋಡಿಯೇ ತೀರಬೇಕು. ಖಾರವೆಂಬುದು ಅದರಲ್ಲಿ ಅತ್ಯಲ್ಪ.

ಕಡಲಿಗೆ ಇಳಿಯುವ ಮಾತು ಬೇರೆ. ಮಲಪ್ರಭೆಯಲ್ಲಿ ಈಜು ಕಲಿತವನೆಂಬ ಧೈರ್ಯ ಇಲ್ಲಿ ಸಲ್ಲದು. ದಡಕ್ಕೆ ಬಂದ ನೀರು ಮರಳಿ ಕಡಲಿಗೆ ಹೋಗುವಾಗ ಕೆಲವೆಡೆ ಇಕ್ಕಟ್ಟಾದ ಹರಿವಾಗಿ ಸೆಳೆಯುತ್ತದೆ. ಅದರಲ್ಲಿ ಸಿಕ್ಕವನು ದಡದ ಕಡೆಗೆ ಹೋರಾಡಿ ಬಳಲದೆ, ದಡಕ್ಕೆ ಸಮಾನಾಂತರವಾಗಿ ಈಜಿ ಆ ಹರಿವಿನಿಂದ ಹೊರಬಂದ ಮೇಲೆ ತೀರವನ್ನು ಸೇರಬೇಕು. ಎಲ್ಲಿ ಇಳಿಯಬಹುದೆಂಬುದನ್ನು ಮೀನುಗಾರರನ್ನೇ ಕೇಳಿ. ಅವರು ಬೇಡವೆಂದ ಕಡೆ ಇಳಿಯಬೇಡಿ.

ಬಾಗಲಕೋಟೆಯಿಂದ ನರಗುಂದ, ನವಲಗುಂದಗಳ ಮೇಲೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಶಿರಸಿ, ದೇವಿಮನೆ ಘಟ್ಟದ ಹಳೆಯ ಹತ್ತಿಯ ದಾರಿಯಲ್ಲಿ ಇಳಿಯಬಹುದು. ಇಲ್ಲವೆ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲೆಯನ್ನು ಸೇರಿ ತೆಂಕಣಕ್ಕೆ ತಿರುಗಬಹುದು. ಘಟ್ಟದ ರಸ್ತೆ ತೆರೆದಿದೆಯೇ ಎಂಬುದನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮೇ ತಿಂಗಳ ಕಡೆಯಲ್ಲಿ ಮುಂಗಾರಿನ ಮುನ್ಸೂಚನೆಯಾಗಿ ಕಡಲು ಕೆರಳತೊಡಗುತ್ತದೆ, ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವುಂಟು. ಆದುದರಿಂದ ಏಪ್ರಿಲಿನ ಉತ್ತರಾರ್ಧದಲ್ಲಿ ಹೊರಟು, ಮೇ ಮಧ್ಯಭಾಗದೊಳಗೆ ಊರಿಗೆ ಮರಳಿ ಬನ್ನಿ.