ಮೇಲಂಗಿ ತೊಡದ ನಾಯಕರು: ಕಾಮಿಕ್ಸ್‌ನಿಂದ ಬಂದು ಮರೆವಿಗೆ ಸಂದ ಚಲನಚಿತ್ರಗಳು

ಕಾಮಿಕ್ಸ್ ಆಧರಿಸಿದ ಚಲನಚಿತ್ರ ಎಂದೊಡನೆ ಇಂದಿನ ಪ್ರೇಕ್ಷಕರ ಕಣ್ಣಿಗೆ ಕಟ್ಟುವುದು ಬೆನ್ನಿಗೆ ಮೇಲಂಗಿ ಬಿಗಿದು ಆಕಾಶಕ್ಕೆ ನೆಗೆಯುವ ಅಥವಾ ಕಬ್ಬಿಣದ ಕವಚ ತೊಟ್ಟು ಕಾದಾಡುವ ಸೂಪರ್‌ಹೀರೋಗಳು. 1938ರಲ್ಲಿ ಅಮೆರಿಕದ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯಲ್ಲಿ ಹುಟ್ಟಿದ ಸೂಪರ್‌ಮ್ಯಾನ್ 1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶನದಲ್ಲಿ ಅದ್ಧೂರಿಯಾಗಿ ತೆರೆಗೆ ಬಂದದ್ದರಿಂದ ಮೊದಲುಗೊಂಡು, 2008ರ 'ಐರನ್ ಮ್ಯಾನ್' ಚಿತ್ರದಿಂದ ಸರಣಿಯ ಮೇಲೆ ಸರಣಿಯಾಗಿ ಬೆಳೆದ ಮಾರ್ವೆಲ್ ಸಂಸ್ಥೆಯ ವ್ಯವಹಾರದವರೆಗೆ, ಈ ಒಂದೇ ಬಗೆಯ ಕಥೆ ಕಾಮಿಕ್ಸ್ ಚಿತ್ರ ಎಂಬ ಹೆಸರನ್ನೇ ತನ್ನ ಸ್ವತ್ತಾಗಿಸಿಕೊಂಡಿದೆ. ಹಾಗಾಗಿ ಅದೇ ಮೂಲದಿಂದ ಬಂದು ಬೇರೆ ದಾರಿ ಹಿಡಿದ ಚಿತ್ರಗಳಿಗೆ ವಿಚಿತ್ರವಾದ ಅನ್ಯಾಯ ಆಗಿದೆ. ಕೆಲವು ಚಿತ್ರಗಳನ್ನು ಜನ ನೋಡಲೇ ಇಲ್ಲ. ಕೆಲವನ್ನು ನೋಡಿ ಮೆಚ್ಚಿದರಾದರೂ ಅವುಗಳ ಹಿಂದೆ ಒಂದು ಕಾಮಿಕ್ಸ್ ಪುಸ್ತಕ ಇತ್ತೆಂಬುದು ಯಾರ ಗಮನಕ್ಕೂ ಬರಲಿಲ್ಲ. ಕಾಮಿಕ್ಸ್ ಎಂಬ ಕಲೆಯಿಂದ ಸಿನಿಮಾ ನಿಜವಾಗಿ ಏನನ್ನು ಪಡೆಯಬಲ್ಲದು ಎಂಬುದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುವುದು ಈ ಅಲಕ್ಷಿತ ಚಿತ್ರಗಳೇ.

ಕಾಮಿಕ್ಸ್ ಪುಟವೆಂದರೆ ಚೌಕಟ್ಟುಗಳ ಸಾಲು. ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ ಖಾಲಿ ಬಿಟ್ಟ ಬಿಳಿಯ ಪಟ್ಟಿಯನ್ನು ಆ ಕ್ಷೇತ್ರದವರು 'ಗಟರ್' ಎಂದು ಕರೆಯುತ್ತಾರೆ. ಮೊದಲ ಚೌಕಟ್ಟಿನಲ್ಲಿ ಎತ್ತಿದ ಕೊಡಲಿ, ಎರಡನೆಯದರಲ್ಲಿ ಒಂದು ಚೀತ್ಕಾರ ಇದ್ದರೆ, ನಡುವಿನ ಕೊಲೆ ನಡೆಯುವುದು ಆ ಖಾಲಿ ಪಟ್ಟಿಯಲ್ಲಿ, ಅಂದರೆ ಓದುಗನ ಮನಸ್ಸಿನಲ್ಲಿ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಪ್ರಕಟಿಸಿದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಎಂಬ ಕೃತಿಯಲ್ಲಿ ಈ ಖಾಲಿ ಜಾಗವನ್ನೇ ಕಾಮಿಕ್ಸ್ ಕಲೆಯ ತಿರುಳೆಂದು ವಿವರಿಸಿದ್ದಾನೆ. ಸೆಕೆಂಡಿಗೆ 24 ಚಿತ್ರಗಳನ್ನು ಓಡಿಸಿ ಚಲನೆಯನ್ನು ತಾನೇ ತುಂಬಿಕೊಡುವ ಸಿನಿಮಾದಲ್ಲಿ ಅಂಥ ಖಾಲಿತನಕ್ಕೆ ಜಾಗ ಸಿಗುವುದು ಕಷ್ಟ. ಕಾಮಿಕ್ಸ್‌ನ ಕಥೆಯನ್ನಷ್ಟೇ ಎತ್ತಿಕೊಳ್ಳುವ ನಿರ್ದೇಶಕನಿಗೆ ಇದು ತೊಡಕೇ ಅಲ್ಲ. ಅದರ ರೂಪವನ್ನೂ ತೆರೆಗೆ ತರಬೇಕೆನ್ನುವವನು ಮಾತ್ರ ಇಲ್ಲಿ ತಡವರಿಸುತ್ತಾನೆ, ಮತ್ತು ಆ ತಡವರಿಕೆಯಲ್ಲೇ ಒಳ್ಳೆಯ ಚಿತ್ರಗಳು ಹುಟ್ಟಿವೆ.

ಇಟಲಿಯ ಮಾರಿಯೋ ಬಾವಾ 1968ರಲ್ಲಿ ನಿರ್ದೇಶಿಸಿದ 'ಡೇಂಜರ್: ಡಯಾಬೊಲಿಕ್' ಇದರ ಹಳೆಯ ಉದಾಹರಣೆ. ಮಿಲಾನ್ ನಗರದ ಏಂಜೆಲಾ ಮತ್ತು ಲೂಸಿಯಾನಾ ಜುಸ್ಸಾನಿ ಎಂಬ ಸಹೋದರಿಯರು 1962ರಲ್ಲಿ ಆರಂಭಿಸಿದ, ಜೇಬಿನಲ್ಲಿ ಹಿಡಿಸುವಷ್ಟು ಪುಟ್ಟದಾದ ಕಾಮಿಕ್ಸ್ ಸರಣಿ ಇದರ ಮೂಲ. ಅದರ ನಾಯಕ ಕಳ್ಳರ ಪೈಕಿ ಮಹಾಕಳ್ಳ. ಚಿತ್ರ ತೆರೆಕಂಡಾಗ ಅದನ್ನು ಅಗ್ಗದ ಮನರಂಜನೆಯೆಂದು ತಳ್ಳಿಹಾಕಿದವರೇ ಹೆಚ್ಚು. ಆದರೆ ಗಾಜಿನ ಮೇಲೆ ಬರೆದ ಚಿತ್ರಗಳನ್ನು ಕ್ಯಾಮೆರಾದ ಮುಂದಿಟ್ಟು ವಿಶಾಲ ಗುಹೆಗಳನ್ನು ಸೃಷ್ಟಿಸಿದ ಬಾವಾ, ಕಪಾಟಿನ ಅಡ್ಡಪಟ್ಟಿಗಳ ನಡುವಿನಿಂದಲೋ ಕಿಟಕಿಯ ಸರಳುಗಳ ನಡುವಿನಿಂದಲೋ ಪಾತ್ರಗಳನ್ನು ತೋರಿಸಿ, ಒಂದೇ ತೆರೆಯನ್ನು ಹಲವು ಚೌಕಟ್ಟುಗಳಾಗಿ ಸೀಳಿದ ಬಗೆ ಇಂದಿಗೂ ಚೇತೋಹಾರಿಯಾಗಿದೆ. ಚಿತ್ರದ ಕಥೆ ಮಾತ್ರ ತೀರ ತೆಳು ಎಂಬುದನ್ನು ಅಲ್ಲಗಳೆಯಲಾಗದು.

ಇದಕ್ಕಿಂತ ಬಹು ಆಳವಾದ ಪ್ರಯೋಗ 2003ರ 'ಅಮೆರಿಕನ್ ಸ್ಪ್ಲೆಂಡರ್'. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯೊಂದರ ಕಡತ ವಿಭಾಗದಲ್ಲಿ ಗುಮಾಸ್ತನಾಗಿದ್ದ ಹಾರ್ವೆ ಪೀಕರ್, ಚಿತ್ರ ಬರೆಯಲು ಬಾರದಿದ್ದರೂ, ತನ್ನ ದಿನನಿತ್ಯದ ಬದುಕನ್ನೇ ಕಾಮಿಕ್ಸ್ ಮಾಡಬೇಕೆಂದು ಹೊರಟವನು. 1960ರ ದಶಕದಲ್ಲಿ ಅದೇ ಊರಿನ ಶುಭಾಶಯ ಪತ್ರಗಳ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ರಾಬರ್ಟ್ ಕ್ರಂಬ್ ಎಂಬ ಚಿತ್ರಕಾರನ ಸ್ನೇಹ ಹಳೆಯ ಜಾಝ್ ಧ್ವನಿಮುದ್ರಿಕೆಗಳ ಹುಚ್ಚಿನಿಂದ ಅವನಿಗೆ ದೊರೆತಿತ್ತು. ಮುಂದೆ ಕ್ರಂಬ್ 'ಅಂಡರ್‌ಗ್ರೌಂಡ್ ಕಾಮಿಕ್ಸ್' ಚಳವಳಿಯ, ಎಂದರೆ ದೊಡ್ಡ ಪ್ರಕಾಶಕರ ಹಂಗಿಲ್ಲದೆ ಬರಹಗಾರರೇ ಅಚ್ಚು ಹಾಕಿ ಹಂಚುತ್ತಿದ್ದ ಪುಸ್ತಿಕೆಗಳ ಧಾರೆಯ, ಮುಖ್ಯ ಹೆಸರಾದ. ಪೀಕರ್ ಕಡ್ಡಿಗಳಂಥ ಆಕೃತಿಗಳನ್ನು ಗೀಚಿ ಮಾತುಗಳನ್ನು ತುಂಬಿ ಕೊಡುತ್ತಿದ್ದ. ಕ್ರಂಬ್ ಮತ್ತು ಇತರ ಕಲಾವಿದರು ಅವಕ್ಕೆ ಜೀವ ತುಂಬುತ್ತಿದ್ದರು. 1976ರಿಂದ ಹೀಗೆ ಹೊರಬಂದ ಸಂಚಿಕೆಗಳಲ್ಲಿ ನಡೆಯುವುದು ಬಹಳ ಕಡಿಮೆ: ಅಂಗಡಿಯ ಸರತಿ ಸಾಲಿನಲ್ಲಿ ಚೌಕಾಸಿ ಮಾಡುವ ಮುದುಕಿಯ ಹಿಂದೆ ಸಿಕ್ಕಿಹಾಕಿಕೊಂಡ ಅಸಹನೆ, ಸಹೋದ್ಯೋಗಿಯ ಹರಟೆ, ಒಂಟಿತನ, ಬಾಡಿಗೆ ಮನೆಯ ಗಲೀಜು.

ಈ ಕೃತಿಯನ್ನು ತೆರೆಗೆ ತಂದ ಶಾರಿ ಸ್ಪ್ರಿಂಗರ್ ಬರ್ಮನ್ ಮತ್ತು ರಾಬರ್ಟ್ ಪುಲ್ಚೀನಿ ದಂಪತಿಗೆ ಎದುರಾದ ಸಮಸ್ಯೆ ಕುತೂಹಲಕರವಾದದ್ದು. ಪ್ರತಿ ಸಂಚಿಕೆಯಲ್ಲೂ ಬೇರೆ ಬೇರೆ ಕಲಾವಿದರ ಕೈಯಲ್ಲಿ ಬೇರೆ ಬೇರೆ ಮುಖ ಪಡೆದಿದ್ದ ಮನುಷ್ಯನನ್ನು ಒಬ್ಬನೇ ನಟನಿಗೆ ಒಪ್ಪಿಸಿದರೆ ಮೂಲದ ಸೊಗಸೇ ಕಳೆದುಹೋಗುತ್ತದೆ. ಅವರು ಕಂಡುಕೊಂಡ ಉಪಾಯವೆಂದರೆ ಯಾವ ಮುಖವನ್ನೂ ಬಿಟ್ಟುಕೊಡದಿರುವುದು. ಪಾಲ್ ಜಿಯಾಮಾಟಿ ಪೀಕರ್‌ನ ಪಾತ್ರ ವಹಿಸುತ್ತಾನೆ. ನಿಜವಾದ ಪೀಕರ್ ಬಿಳಿಯ ಬರಿದಾದ ಸ್ಟುಡಿಯೋದಲ್ಲಿ ಕುಳಿತು ತನ್ನದೇ ಕಥೆಗೆ ಗೊಗ್ಗರು ದನಿಯ ನಿರೂಪಣೆ ಕೊಡುತ್ತಾನೆ. ಸರತಿ ಸಾಲಿನ ದೃಶ್ಯದಲ್ಲಿ ರೇಖಾಚಿತ್ರದ ಪೀಕರ್ ಪಕ್ಕದಲ್ಲಿ ಮೂಡಿ ಮೂದಲಿಸುತ್ತಾನೆ. ಪತ್ರ ಬರೆದು ಪರಿಚಯವಾಗಿ ಮುಂದೆ ಅವನ ಹೆಂಡತಿಯಾದ ಜಾಯ್ಸ್ ಬ್ರಾಬ್ನರ್ ಮೊದಲ ಬಾರಿಗೆ ಅವನನ್ನು ಕಾಣಲು ಬಂದಾಗ, ಪುಸ್ತಕದ ಯಾವ ಚಿತ್ರದಂತೆ ಈತ ಇರಬಹುದೆಂಬ ಅವಳ ಗೊಂದಲವೇ ತೆರೆಯ ಮೇಲೆ ಹಲವು ರೇಖಾಚಿತ್ರಗಳಾಗಿ ನಿಲ್ಲುತ್ತದೆ. 1980ರ ದಶಕದಲ್ಲಿ ಪೀಕರ್ ಡೇವಿಡ್ ಲೆಟರ್‌ಮನ್‌ನ ದೂರದರ್ಶನ ಕಾರ್ಯಕ್ರಮಕ್ಕೆ ಅತಿಥಿಯಾಗಿ ಹೋಗುತ್ತಿದ್ದ ಭಾಗದಲ್ಲಂತೂ, ಜಿಯಾಮಾಟಿ ಕೋಣೆಯಿಂದ ಎದ್ದು ವೇದಿಕೆಯತ್ತ ನಡೆಯುತ್ತಾನೆ, ಕೋಣೆಯ ಟಿ.ವಿ. ಪರದೆಯ ಮೇಲೆ ಕಾಣಿಸಿಕೊಳ್ಳುವವನು ಅಸಲಿ ಪೀಕರ್. ಚೌಕಟ್ಟುಗಳ ನಡುವಿನ ಖಾಲಿ ಜಾಗವನ್ನು ಪ್ರೇಕ್ಷಕನೇ ದಾಟಿಕೊಳ್ಳಬೇಕಾದ ಇಂಥ ಕ್ಷಣಗಳನ್ನು ಕೋಟಿಗಟ್ಟಲೆ ವೆಚ್ಚದ ಸೂಪರ್‌ಹೀರೋ ಚಿತ್ರಗಳು ಎಂದೂ ಕೊಟ್ಟಿಲ್ಲ. ಚಿತ್ರ ಆರಂಭವಾಗುವುದೇ ಹ್ಯಾಲೋವೀನ್ ಹಬ್ಬದ ಸಂಜೆ ಸೂಪರ್‌ಮ್ಯಾನ್, ಬ್ಯಾಟ್‌ಮನ್ ವೇಷ ತೊಟ್ಟ ಹುಡುಗರ ನಡುವೆ ವೇಷವೇ ಇಲ್ಲದೆ, ಮುಖ ಗಂಟಿಕ್ಕಿ ನಿಂತ ಬಾಲಕ ಪೀಕರ್‌ನಿಂದ. ಗೇಲಿ ಎತ್ತ ಗುರಿಯಿಟ್ಟಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸನ್‌ಡಾನ್ಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ಆಸ್ಕರ್ ನಾಮನಿರ್ದೇಶನವನ್ನೂ ಪಡೆದ ಈ ಚಿತ್ರ ವಿಮರ್ಶಕರ ವಲಯದಾಚೆಗೆ ಹರಡಲಿಲ್ಲ.

ಭಾರತೀಯ ಪ್ರೇಕ್ಷಕರಿಗೆ ಒಂದು ನೇರ ನಂಟಿರುವ ಚಿತ್ರ ಟೆರಿ ಜ್ವಿಗಾಫ್‌ನ 'ಘೋಸ್ಟ್ ವರ್ಲ್ಡ್'. 1990ರ ದಶಕದಲ್ಲಿ ಡೇನಿಯಲ್ ಕ್ಲೋಸ್ ಧಾರಾವಾಹಿಯಾಗಿ ಬರೆದು 1997ರಲ್ಲಿ ಪುಸ್ತಕವಾಗಿ ತಂದ ಈ ಕಥೆ, ಶಾಲೆ ಮುಗಿಸಿದ ಇಬ್ಬರು ಗೆಳತಿಯರು ಮೆಲ್ಲಗೆ ದೂರವಾಗುವುದನ್ನು ಕುರಿತದ್ದು. ಇಡೀ ಪುಸ್ತಕಕ್ಕೆ ಹಚ್ಚಿದ್ದ ಮಾಸಲು ನೀಲಿ-ಹಸಿರು ಛಾಯೆ, ಮುಸ್ಸಂಜೆಯ ಮನೆಗಳಲ್ಲಿ ಟಿ.ವಿ. ಚೆಲ್ಲುವ ಬೆಳಕನ್ನು ನೆನಪಿಸುತ್ತದೆ. 2001ರಲ್ಲಿ ತೆರೆಕಂಡ ಚಿತ್ರದ ಮೊದಲ ದೃಶ್ಯದಲ್ಲಿ ಕ್ಯಾಮೆರಾ ವಸತಿ ಸಮುಚ್ಚಯವೊಂದರ ಕಿಟಕಿಗಳನ್ನು ಒಂದೊಂದಾಗಿ ದಾಟುತ್ತ, ಒಳಗಿನ ಜಡ ಬದುಕುಗಳನ್ನು ಚೌಕಟ್ಟು ಚೌಕಟ್ಟಾಗಿ ತೋರಿಸುತ್ತ ಸಾಗಿ, ಕೊನೆಗೆ ನಿಲ್ಲುವುದು ಆ ಗೆಳತಿಯರಲ್ಲೊಬ್ಬಳಾದ, ಕುಣಿಯುತ್ತಿರುವ ಎನಿಡ್‌ಳ ಕೋಣೆಯಲ್ಲಿ. ಅವಳು ಟಿ.ವಿ. ನೋಡಿಕೊಂಡು ಕುಣಿಯುವುದು 1965ರ ಹಿಂದಿ ಚಿತ್ರ 'ಗುಮ್ನಾಮ್'ನ, ಮಹಮ್ಮದ್ ರಫಿ ಹಾಡಿದ, ಶಂಕರ್-ಜೈಕಿಶನ್ ಸಂಗೀತದ 'ಜಾನ್ ಪೆಹಚಾನ್ ಹೋ' ಹಾಡಿಗೆ. ಕಾಮಿಕ್ಸ್‌ನಲ್ಲಿ ಇಲ್ಲದ ಈ ಸೇರ್ಪಡೆ ಆ ಹುಡುಗಿಯ ಏಕಾಕಿತನವನ್ನೂ ಹಟವನ್ನೂ ಒಂದೇ ಏಟಿಗೆ ಹಿಡಿದಿಡುತ್ತದೆ. ಮೂಲಕ್ಕೆ ನಿಷ್ಠನಾಗಿರಲು ಮೂಲದಿಂದ ದೂರ ಸರಿಯಬೇಕಾಗುವುದೂ ಉಂಟು. ಇಲ್ಲಿ ಚಿತ್ರಕಥೆ ಬರೆಯುವಲ್ಲಿ ಸ್ವತಃ ಕ್ಲೋಸ್ ಜೊತೆಗೂಡಿದ್ದರಿಂದ ಆ ಸ್ವಾತಂತ್ರ್ಯ ಸಲೀಸಾಯಿತು.

ಜನ ನೋಡಿಯೂ ಮೂಲವನ್ನು ಗುರುತಿಸದ ಚಿತ್ರಗಳ ಕಥೆ ಬೇರೆ. ಟಾಮ್ ಹ್ಯಾಂಕ್ಸ್ ಮತ್ತು ಪಾಲ್ ನ್ಯೂಮನ್ ನಟಿಸಿದ, ಸ್ಯಾಮ್ ಮೆಂಡಿಸ್ ನಿರ್ದೇಶನದ 'ರೋಡ್ ಟು ಪರ್ಡಿಷನ್' 2002ರಲ್ಲಿ ಬಂದಾಗ ಅದನ್ನು ಗಂಭೀರ ಅಪರಾಧ ಕಥನವೆಂದೇ ಎಲ್ಲರೂ ಬಗೆದರು. ಅದರ ಹಿಂದಿದ್ದುದು ಮ್ಯಾಕ್ಸ್ ಆಲನ್ ಕಾಲಿನ್ಸ್ ಬರೆದು ರಿಚರ್ಡ್ ಪಿಯರ್ಸ್ ರೇನರ್ ಚಿತ್ರಿಸಿದ 1998ರ ಗ್ರಾಫಿಕ್ ಕಾದಂಬರಿ, ಅಂದರೆ ಒಂದೇ ಪುಸ್ತಕದಲ್ಲಿ ಪೂರ್ತಿಗೊಳ್ಳುವ ದೀರ್ಘ ಕಾಮಿಕ್ಸ್. ಅದಕ್ಕೂ ಹಿಂದೆ ಇನ್ನೊಂದು ಋಣವಿದೆ: ಕೈಗೂಸಿನೊಡನೆ ಅಲೆಯುವ ಸಮುರಾಯ್ ಕೊಲೆಗಾರನ ಕಥೆಯಾದ, ಕಾಜುವೊ ಕೊಯಿಕೆ ಮತ್ತು ಗೊಸೆಕಿ ಕೊಜಿಮಾ 1970ರಲ್ಲಿ ಆರಂಭಿಸಿದ ಜಪಾನಿನ 'ಲೋನ್ ವುಲ್ಫ್ ಅಂಡ್ ಕಬ್' ಎಂಬ ಮಾಂಗಾ. ಜಪಾನೀ ಕಾಮಿಕ್ಸ್‌ಗೆ ಮಾಂಗಾ ಎಂದು ಹೆಸರು. ಅಲ್ಲಿನ ತಂದೆ-ಮಗನನ್ನು ಕಾಲಿನ್ಸ್ 1930ರ ದಶಕದ ಇಲಿನಾಯ್ ರಾಜ್ಯದ ಐರಿಷ್ ಪಾತಕಲೋಕಕ್ಕೆ ತಂದಿಟ್ಟ. ಚಿತ್ರದಲ್ಲಿ ಅತಿ ಶ್ರೇಷ್ಠವಾದ ಮಳೆಯ ರಾತ್ರಿಯ ಹತ್ಯಾಕಾಂಡದಲ್ಲಿ ಗುಂಡಿನ ಸದ್ದೇ ಇಲ್ಲ: ಕತ್ತಲಲ್ಲಿ ಬೆಂಕಿಯ ಮಿನುಗು, ಉರುಳುವ ದೇಹಗಳು, ಹಿನ್ನೆಲೆಯ ಸಂಗೀತ ಇಷ್ಟೇ. ಸದ್ದನ್ನು ಕಿತ್ತುಕೊಂಡು ಮೆಂಡಿಸ್ ಆ ದೃಶ್ಯವನ್ನು ಮತ್ತೆ ಕಾಗದದ ಪುಟದ ಮೌನಕ್ಕೆ ಮರಳಿಸಿದಂತಿದೆ. ಛಾಯಾಗ್ರಾಹಕ ಕಾನ್ರಾಡ್ ಹಾಲ್‌ಗೆ ಈ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಬಂದದ್ದು ಅವನ ಮರಣಾನಂತರ, 2003ರಲ್ಲಿ.

ಡೇವಿಡ್ ಕ್ರೋನೆನ್‌ಬರ್ಗ್‌ನ 'ಎ ಹಿಸ್ಟರಿ ಆಫ್ ವಯಲೆನ್ಸ್' 2005ರಲ್ಲಿ ಇದೇ ಬಗೆಯ ಮರೆವಿಗೆ ಗುರಿಯಾಯಿತು. ಸಣ್ಣ ಊರಿನ ಹೋಟೆಲಿನವನೊಬ್ಬ ದರೋಡೆಕೋರರನ್ನು ಕೊಂದು ಪ್ರಸಿದ್ಧನಾಗಿ, ಆ ಪ್ರಸಿದ್ಧಿಯಿಂದಲೇ ಹೂತಿಟ್ಟ ಹಳೆಯ ಬದುಕು ಮೇಲೆದ್ದು ಬರುವ ಕಥೆ ಅದು. 1997ರ ಮೂಲ ಕೃತಿಯನ್ನು ವಿನ್ಸ್ ಲಾಕ್‌ನ ಚಿತ್ರಗಳೊಂದಿಗೆ ರಚಿಸಿದವನು ಜಾನ್ ವ್ಯಾಗ್ನರ್. ಕಾಮಿಕ್ಸ್‌ನ ಉತ್ತರಾರ್ಧ ಬೀಭತ್ಸದಲ್ಲಿ ಮುಳುಗಿಹೋಗುತ್ತದೆ. ಚಿತ್ರ ಆ ದಾರಿ ಬಿಟ್ಟು, ಗಂಡನ ಹಿಂಸೆಯ ಅರಿವು ಒಂದು ಸಂಸಾರದೊಳಗೆ ಹೇಗೆ ಇಳಿಯುತ್ತದೆಂಬುದನ್ನು ಹಿಂಬಾಲಿಸಿದ್ದರಿಂದ, ಮೂಲಕ್ಕಿಂತ ಮೇಲಾಯಿತೆಂದೇ ಹೇಳಬೇಕು.

ಇದೇ ವ್ಯಾಗ್ನರ್, ಚಿತ್ರಕಾರ ಕಾರ್ಲೋಸ್ ಎಸ್ಕೆರಾ ಜೊತೆಗೂಡಿ 1977ರಲ್ಲಿ ಬ್ರಿಟನ್ನಿನ '2000 ಎಡಿ' ವಾರಪತ್ರಿಕೆಗಾಗಿ ಜಡ್ಜ್ ಡ್ರೆಡ್ ಎಂಬ ಪಾತ್ರವನ್ನೂ ಸೃಷ್ಟಿಸಿದ್ದ. ಪೊಲೀಸ್, ನ್ಯಾಯಾಧೀಶ, ವಧಕಾರ ಮೂವರೂ ಒಬ್ಬನೇ ಆಗಿರುವ ಈ ಭವಿಷ್ಯದ ಅಧಿಕಾರಿ ಕಾಮಿಕ್ಸ್‌ನಲ್ಲಿ ತನ್ನ ಮುಖ ತೋರಿಸುವುದಿಲ್ಲ. 1995ರ ಚಿತ್ರದಲ್ಲಿ ಸಿಲ್ವೆಸ್ಟರ್ ಸ್ಟಾಲೋನ್ ಶಿರಸ್ತ್ರಾಣ ಕಳಚಿ ಮುಖ ತೋರಿಸಿದ್ದನ್ನು ಓದುಗರು ಕ್ಷಮಿಸಲಿಲ್ಲ. ಅಲೆಕ್ಸ್ ಗಾರ್ಲಂಡ್ ಬರೆದು ಪೀಟ್ ಟ್ರಾವಿಸ್ ನಿರ್ದೇಶಿಸಿದ 2012ರ 'ಡ್ರೆಡ್'ನಲ್ಲಿ ಕಾರ್ಲ್ ಅರ್ಬನ್ ಕೊನೆಯವರೆಗೂ ಅದನ್ನು ತೆಗೆಯುವುದಿಲ್ಲ. ಗಲ್ಲ ಮತ್ತು ತುಟಿಯ ವಕ್ರತೆಯಿಂದಲೇ ನಟಿಸುತ್ತಾನೆ. 200 ಅಂತಸ್ತಿನ ಒಂದೇ ಕಟ್ಟಡದೊಳಗೆ ಒಂದೇ ದಿನದಲ್ಲಿ ಮುಗಿಯುವ ಕಥೆಯಲ್ಲಿ, ಕಾಲದ ಅನುಭವವನ್ನು ನೂರನೇ ಒಂದು ಪಾಲಿಗೆ ನಿಧಾನಗೊಳಿಸುವ ಮಾದಕದ್ರವ್ಯವೊಂದಿದೆ. ಅದನ್ನು ಸೇದಿದವರ ಕಣ್ಣಿಂದ ನೋಡಿದಾಗ ನೀರಿನ ಹನಿಗಳೂ ಗಾಜಿನ ಚೂರುಗಳೂ ಗಾಳಿಯಲ್ಲಿ ನಿಂತುಬಿಡುತ್ತವೆ, ಚಲನಚಿತ್ರವೇ ಒಂದು ಚೌಕಟ್ಟಿನ ಸ್ತಬ್ಧ ಚಿತ್ರವಾಗುತ್ತದೆ. ಅದೇ ವರ್ಷ 'ದಿ ಅವೆಂಜರ್ಸ್' 150 ಕೋಟಿ ಡಾಲರಿಗೂ ಮೀರಿ ಗಳಿಸಿದರೆ, 'ಡ್ರೆಡ್' ಗಳಿಸಿದ್ದು ಸುಮಾರು 4 ಕೋಟಿ ಡಾಲರ್ ಮಾತ್ರ. ಡಿವಿಡಿಗಳ ಮೂಲಕ ಮನೆಗಳಲ್ಲಿ ಅದನ್ನು ಕಂಡುಕೊಂಡ ಅಭಿಮಾನಿಗಳು ಉತ್ತರಭಾಗಕ್ಕಾಗಿ ಸಹಿ ಸಂಗ್ರಹ ನಡೆಸಿದರೂ ಆ ಉತ್ತರಭಾಗ ಬರಲಿಲ್ಲ. ಡ್ರೆಡ್‌ನ ಕಥೆ '2000 ಎಡಿ'ಯ ಪುಟಗಳಲ್ಲಿ ಮುಂದುವರಿದಿದೆ.