ಪಾರಿವಾಳಕ್ಕೂ ಒಂದು ವಹಿ

ರಾಯಚೂರಿನ ಕೋಟೆ ನೋಡೀರಲ್ಲ? ಕೋಟೆಯಂಥ ಹಳೇ ಗೋಡೆಯ ಸಂದಿನಲ್ಲಿ ಬೂದು ಪಾರಿವಾಳ ಇರ್ತಾವ. ಮಾಳಿಗಿ ಮೇಲೆ ಸಾಕುವ ಲಕ್ಕಾ ಪಾರಿವಾಳ ನೋಡಾಕ ಬೇರೆ. ಆದರೆ ಎರಡರ ಮೂಲವೂ ಒಂದೇ.

ಬೂದು ಪಾರಿವಾಳದ ಬಾಲದಲ್ಲಿ 12 ಗರಿ. ಲಕ್ಕಾದ ಬಾಲದಲ್ಲಿ 30ಕ್ಕೂ ಹೆಚ್ಚು. ಬೀಸಣಿಕೆಯಂತೆ ಬಿಚ್ಚಿರುತ್ತದೆ. ಇದು ಹೇಗಾಯಿತು? ಹೆಚ್ಚು ಗರಿ ಇದ್ದ ಹಕ್ಕಿಗಳನ್ನೇ ಜನ ಆರಿಸಿ ಜೋಡಿ ಮಾಡಿದರು. ನಾವು ಬೀಜಕ್ಕೆ ಒಳ್ಳೆಯ ಜೋಳದ ತೆನೆ ಆರಿಸಿ ಇಡುವುದಿಲ್ಲವೇ? ಇದೂ ಹಾಗೇ.

ಅಕ್ಬರ್ ಬಾದಶಹನ ಹತ್ತಿರ 20,000ಕ್ಕೂ ಹೆಚ್ಚು ಪಾರಿವಾಳ ಇದ್ದವು. ಇಂಗ್ಲೆಂಡಿನ ವಿಜ್ಞಾನಿ ಡಾರ್ವಿನ್ ಕೂಡ ಪಾರಿವಾಳ ಸಾಕಿದರು. ಜನ ಆರಿಸಿದರೆ ತಳಿ ಹೇಗೆ ಬದಲಾಗುತ್ತದೆ ಎಂದು 1859ರ ತಮ್ಮ ಪುಸ್ತಕದಲ್ಲಿ ಬರೆದರು.

ಹೆಣ್ಣು ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಗಂಡು, ಹೆಣ್ಣು ಎರಡೂ ಸರದಿ ಮೇಲೆ ಕಾವು ಕೊಡ್ತಾವ. ಸುಮಾರು 18 ದಿನಕ್ಕೆ ಮರಿ ಬರ್ತಾವ. ಮೊದಲ ದಿನಗಳಲ್ಲಿ ಮರಿಗೆ ಕಾಳು ನಡೆಯುವುದಿಲ್ಲ. ತಂದೆ, ತಾಯಿ ಇಬ್ಬರ ಗಂಟಲ ಚೀಲದಲ್ಲೂ ಹಾಲಿನಂಥ ಆಹಾರ ಆಗುತ್ತದೆ. ಅದನ್ನೇ ಉಣಿಸ್ತಾವ. ಆಗ ಜೋಡಿಯನ್ನು ಅಗಲಿಸಬ್ಯಾಡ್ರಿ. ಮಾರಲೂ ಬ್ಯಾಡ್ರಿ. ಮರಿ ಸತ್ತು ಹೋಗಬಹುದು.

ಆರು ತಿಂಗಳ ಹೊತ್ತಿಗೆ ಮರಿಗಳು ಬೆಳೆದು ತಾವೇ ಜೋಡಿ ಆಗ್ತಾವ. ಅಕ್ಕ-ತಮ್ಮ ಎಂಬುದು ಅವಕ್ಕೆ ತಿಳಿಯುವುದಿಲ್ಲ. ಹತ್ತು ಬಿಳಿ ಹಕ್ಕಿಯೊಳಗೆ ಯಾವುದು ಯಾರ ಮರಿ? ನಮಗೂ ನೆನಪು ಉಳಿಯುವುದಿಲ್ಲ. ಒಂದೇ ರಕ್ತದ ಜೋಡಿ ಮತ್ತೆ ಮತ್ತೆ ಆದರೆ ತಳಿ ಸೊರಗುತ್ತದೆ. ಮೊಟ್ಟೆ ಒಡೆಯುವುದಿಲ್ಲ. ಮರಿ ಬಡಕಲಾಗುತ್ತದೆ. ವರ್ಷಗಟ್ಟಲೆ ಹಾಕಿದ ಕಾಳು, ಪಟ್ಟ ಶ್ರಮ ಹಾಳು.

ಇದಕ್ಕೆ ಉಪಾಯ ಏನು? ಬರೆದು ಇಡುವುದು. ಮರಿಗೆ ಏಳೆಂಟು ದಿನ ಆದಾಗ ಕಾಲಿಗೆ ನಂಬರಿನ ಉಂಗುರ ಹಾಕ್ರಿ. ತಡ ಮಾಡಿದರೆ ಪಾದ ದಪ್ಪಾಗುತ್ತದೆ, ಉಂಗುರ ಹೋಗುವುದಿಲ್ಲ. ಆಮೇಲೆ ವಹಿಯಲ್ಲಿ ಹೀಗೆ ಬರೀರಿ:

ಮರಿಯ ನಂಬರು – 7
ತಂದೆಯ ನಂಬರು – 3
ತಾಯಿಯ ನಂಬರು – 4
ಮರಿ ಬಂದ ದಿನ – ........

ಪ್ರದರ್ಶನಕ್ಕೆ ಒಯ್ದಾಗ ಹಕ್ಕಿಯ ವಯಸ್ಸು ಕೇಳ್ತಾರ. ಕೊಳ್ಳುವವರು ಅದರ ತಂದೆ-ತಾಯಿ ಯಾವುದು ಅಂತ ಕೇಳ್ತಾರ. ಬಾಯಿಮಾತು ನಂಬುವುದು ಕಷ್ಟ. ವಹಿ ತೆಗೆದು ತೋರಿಸ್ರಿ.

ದೇವದುರ್ಗ ಇರಲಿ, ಮಾನ್ವಿ ಇರಲಿ, ಹಕ್ಕಿ ಸಾಕುವವರು ನಿಮ್ಮ ಓಣಿಯಲ್ಲಿ ಇದ್ದಾರೇನು? ಅವರಿಗೆ ಬರೆಯಲು ಬಾರದಿದ್ದರೆ ಮೊದಲ ಪುಟ ನೀವು ಬರೆದು ಕೊಡ್ರಿ. ಎರಡನೇ ಪುಟ ಅವರೇ ಬರೆಯಲಿ.