ಪರದೇಶದಲ್ಲಿ ಊಟ ಮತ್ತು ಒಡನಾಟ

— ಹಳೆಯ ವಿದ್ಯಾರ್ಥಿಯೊಬ್ಬರು

ಸ್ಮರಣ ಸಂಚಿಕೆಗೆ ಪರದೇಶದ ಅನುಭವಗಳನ್ನು ಕುರಿತು ಒಂದು ಲೇಖನ ಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ, ಅಲ್ಲಿಯ ದೊಡ್ಡ ಕಟ್ಟಡಗಳನ್ನೂ ಕಾರಖಾನೆಗಳನ್ನೂ ವರ್ಣಿಸಬಹುದೆಂದು ಮೊದಲು ಅನ್ನಿಸಿತು. ಆದರೆ ಅವುಗಳ ಚಿತ್ರಗಳು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿನಲ್ಲಿಯೇ ದೊರೆಯುತ್ತವೆ. ಚಿತ್ರಗಳಿಂದ ತಿಳಿಯದ ಸಂಗತಿಯೊಂದಿದೆ. ಪರಸ್ಥಳದಲ್ಲಿ ಯಾರೊಡನೆ ಕುಳಿತು ಉಣ್ಣಬೇಕು, ಹೇಗೆ ಉಣ್ಣಬೇಕು, ಬೇಡವಾದದ್ದನ್ನು ಹೇಗೆ ಬೇಡವೆನ್ನಬೇಕು ಎಂಬುದೇ ಆ ಸಂಗತಿ. ಶೇಡಬಾಳದಂಥ ಊರಿನಿಂದ ಹೋದವನಿಗೆ ಭಾಷೆ ಆರು ತಿಂಗಳಲ್ಲಿ ಬರುತ್ತದೆ. ಚಳಿ ಒಂದು ವರ್ಷದಲ್ಲಿ ರೂಢಿಯಾಗುತ್ತದೆ. ಈ ವಿದ್ಯೆ ಮಾತ್ರ ಬಹಳ ತಡವಾಗಿ ಬರುತ್ತದೆ. ಅದನ್ನು ಮುಂದಿನವರಾದರೂ ಬೇಗ ಕಲಿಯಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪಂಕ್ತಿ ಮತ್ತು ಖಾನಾವಳಿ

ಶ್ರೀಮಠದ ಪ್ರಸಾದ ನಿಲಯದಲ್ಲಿ ನಾವೆಲ್ಲರೂ ಸಾಲಾಗಿ ನೆಲದ ಮೇಲೆ ಕುಳಿತು ಉಂಡವರು. ಕಡೆಯ ತಾಟಿಗೆ ಬಡಿಸುವವರೆಗೆ ಮೊದಲನೆಯವನು ತುತ್ತು ಎತ್ತುವಂತಿರಲಿಲ್ಲ. ಒಕ್ಕಲಿಗನ ಮಗ, ಕೂಲಿಯವನ ಮಗ, ಅಂಗಡಿಕಾರನ ಮಗ ಎಲ್ಲರಿಗೂ ಅದೇ ರೊಟ್ಟಿ, ಅದೇ ನುಚ್ಚು, ಅದೇ ಸಾರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಸಂಬೋಳಿ ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದರೆಂದು ಪುರಾಣಗಳು ಹೇಳುತ್ತವೆ. ದಾಸೋಹವೆಂದರೆ ಹಸಿದವನಿಗೆ ಅನ್ನವಿಕ್ಕುವುದಷ್ಟೇ ಎಂದು ನಾವು ಹುಡುಗರು ತಿಳಿದಿದ್ದೆವು. ಒಟ್ಟಿಗೆ ಕುಳಿತು ಉಣ್ಣುವುದೂ ಅದರ ಅರ್ಧವೆಂಬುದು ಆಗ ಹೊಳೆದಿರಲಿಲ್ಲ.

ಶಾಲೆ ಮುಗಿದ ಮೇಲೆ ಮೀರಜ, ಸಾಂಗಲಿ, ಬೆಳಗಾವಿ, ಧಾರವಾಡಗಳಿಗೆ ಓದಲು ಹೋದವರಿಗೆ ಖಾನಾವಳಿಯೇ ಆಸರೆಯಾಯಿತು. ಲಿಂಗಾಯತ ಖಾನಾವಳಿ ಎಂಬ ಫಲಕವಿಲ್ಲದ ಪೇಟೆ ನಮ್ಮ ಭಾಗದಲ್ಲಿ ಅಪರೂಪ. ತಿಂಗಳಿಗೆ ಇಷ್ಟು ಎಂದು ಹಣ ಕೊಟ್ಟರೆ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು. ಎರಡು ಹೊತ್ತು ಬರದಿದ್ದರೆ "ಯಾಕ ತಮ್ಮಾ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳುವ ಅಕ್ಕನವರು ಅಲ್ಲಿರುತ್ತಿದ್ದರು. ಹೀಗೆ ಊರು ಬಿಟ್ಟರೂ ನಮಗೆ ಮನೆಯ ಪಂಕ್ತಿ ತಪ್ಪಿರಲಿಲ್ಲ. ಸಮುದ್ರ ದಾಟಿದ ದಿನ ಅದು ತಪ್ಪಿತು.

ಹಿಂದೆ ಹೋದವರು

ಈ ಕಷ್ಟ ನಮಗೆ ಮೊದಲು ಬಂದದ್ದಲ್ಲ. 1888ರಲ್ಲಿ ಮೋಹನದಾಸ ಗಾಂಧಿಯವರು ಲಂಡನ್ನಿಗೆ ಹೊರಡುವ ಮುನ್ನ ಬೇಚರಜಿ ಸ್ವಾಮಿ ಎಂಬ ಜೈನ ಮುನಿಯ ಎದುರು, ಮದ್ಯ ಮಾಂಸಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ವಚನ ಕೊಟ್ಟರು. ಲಂಡನ್ನಿನಲ್ಲಿ ಕೆಲವು ಕಾಲ ಅವರು ಅರೆಹೊಟ್ಟೆಯಲ್ಲಿಯೇ ಇದ್ದರು. ಕೊನೆಗೆ ಫ್ಯಾರಿಂಗ್‌ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಭೋಜನಾಲಯ ಕಂಡಾಗ ಹೊಟ್ಟೆ ತುಂಬ ಉಂಡರು. ಅಲ್ಲಿಯೇ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನೂ ಕೊಂಡರು. ಮುಂದೆ ಲಂಡನ್ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ತಾಯಿಗೆ ಕೊಟ್ಟ ವಚನವೇ ಅವರಿಗೆ ಆ ನಾಡಿನಲ್ಲಿ ಸ್ನೇಹಿತರನ್ನು ದೊರಕಿಸಿತು.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯಕರವಾಗಿದೆ. ಆ ಕಾಲದಲ್ಲಿ ಬ್ಯಾರಿಸ್ಟರ್ ಆಗಬೇಕಾದವರು ಪರೀಕ್ಷೆ ಬರೆದರಷ್ಟೇ ಸಾಲದು; ಪ್ರತಿ ಅವಧಿಯಲ್ಲಿ ಕನಿಷ್ಠ ಆರು ಭೋಜನಗಳಿಗೆ ಹಾಜರಿರಬೇಕಿತ್ತು. ನಾಲ್ವರ ಗುಂಪಿಗೆ ಎರಡು ಬಾಟಲಿ ದ್ರಾಕ್ಷಾಮದ್ಯ ಕೊಡುತ್ತಿದ್ದರು. ಗಾಂಧಿಯವರು ಕುಡಿಯುತ್ತಿರಲಿಲ್ಲವಾದ್ದರಿಂದ ಅವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಎಲ್ಲರಿಗೂ ಆತುರ! ಅವರು ಬೇಡವೆಂದರೂ ಮೇಜಿನಿಂದ ಎದ್ದು ಹೋಗಲಿಲ್ಲ. ನಮ್ಮ ವಿದ್ಯಾರ್ಥಿಗಳು ಮನಗಾಣಬೇಕಾದ ಮಾತು ಇದು.

ನಮ್ಮ ಜಿಲ್ಲೆಯವರೇ ಆದ ಡಾ. ಡಿ. ಸಿ. ಪಾವಟೆಯವರು 1920ರ ದಶಕದಲ್ಲಿ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಪದವಿ ಪಡೆದರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳೂ, 1967ರಿಂದ 1973ರವರೆಗೆ ಪಂಜಾಬದ ರಾಜ್ಯಪಾಲರೂ ಆದರು. ಕೇಂಬ್ರಿಜ್‌ನ ಕಾಲೇಜುಗಳಲ್ಲಿ ಗುರುಶಿಷ್ಯರು ಒಂದೇ ಸಭಾಂಗಣದಲ್ಲಿ ಉದ್ದನೆಯ ಮೇಜುಗಳಿಗೆ ಕುಳಿತು ಉಣ್ಣುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಊಟಕ್ಕೆ ಮೊದಲು ಲ್ಯಾಟಿನ್ ಭಾಷೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಅದು ಮುಗಿಯುವವರೆಗೆ ಯಾರೂ ಚಮಚ ಎತ್ತುವುದಿಲ್ಲ. ಪ್ರಸಾದ ನಿಲಯದಲ್ಲಿ ಬೆಳೆದ ಹುಡುಗನಿಗೆ ಇದು ತೀರ ಹೊಸದೇನೂ ಅಲ್ಲ.

ಹೆಸರು ಒಂದು, ಊಟ ಬೇರೆ

ನಾನು 1974ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಒಂದು ಗಿರಣಿಯ ಊರಿಗೆ ಕೆಲಸಕ್ಕೆಂದು ಹೋದೆ. ಹೋದ ಮೊದಲ ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು "ಶನಿವಾರ ಐದೂವರೆಗೆ ಟೀಗೆ ಬನ್ನಿ" ಎಂದರು. ಚಹ ಬಿಸ್ಕೀಟುಗಳಷ್ಟೇ ಇರಬಹುದೆಂದು ಕೋಣೆಯಲ್ಲಿ ಹೊಟ್ಟೆ ತುಂಬ ಅನ್ನ ಉಂಡು ಹೋದೆ. ಅಲ್ಲಿ ನೋಡಿದರೆ ಮೇಜಿನ ತುಂಬ ಅಡಿಗೆ! ಉತ್ತರ ಇಂಗ್ಲೆಂಡಿನ ದುಡಿಯುವ ಜನರಲ್ಲಿ ಸಂಜೆಯ ಪೂರ್ಣ ಊಟಕ್ಕೆ "ಟೀ" ಎನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ "ಡಿನ್ನರ್" ಎನ್ನುತ್ತಾರೆ. ದಕ್ಷಿಣದಲ್ಲಿ ಡಿನ್ನರ್ ಎಂದರೆ ರಾತ್ರಿಯ ಊಟ. ಆದಕಾರಣ ಆಮಂತ್ರಣ ಬಂದಾಗ ಇದು ಊಟವೋ ಉಪಾಹಾರವೋ ಎಂದು ಕೇಳಿಕೊಳ್ಳುವುದು ತಪ್ಪಲ್ಲ. ಕೇಳದೆ ಹೋಗಿ, ಉಣ್ಣಲಾಗದೆ ಕುಳಿತುಕೊಳ್ಳುವುದೇ ತಪ್ಪು.

ಎರಡನೆಯದಾಗಿ, ತಿನಿಸುಗಳೊಳಗೆ ಅಡಗಿರುವ ಪದಾರ್ಥಗಳನ್ನು ಅರಿಯಬೇಕು. ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ಇವು ಕಾಣುವುದಿಲ್ಲ. ಅಲುಗಾಡುವ ಜೆಲ್ಲಿಯಲ್ಲಿಯೂ ಅನೇಕ ಬಗೆಯ ಮೆತ್ತನೆಯ ಮಿಠಾಯಿಗಳಲ್ಲಿಯೂ ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಹಲವು ಬಗೆಯ ಗಿಣ್ಣವನ್ನು, ಅಂದರೆ ಚೀಸನ್ನು, ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಕ್ರಿಸ್‌ಮಸ್ ಪುಡಿಂಗಿಗೆ ಹಳೆಯ ಪದ್ಧತಿಯಂತೆ ದನದ ಕೊಬ್ಬನ್ನು ಹಾಕುತ್ತಾರೆ. ವೂಸ್ಟರ್ ಸಾಸಿನಲ್ಲಿ ಸಣ್ಣ ಮೀನು ಇರುತ್ತದೆ. ಜಪಾನಿನಲ್ಲಿ ತರಕಾರಿಯ ಸಾರು ಎಂದು ಕೊಟ್ಟದ್ದರಲ್ಲಿಯೂ ಒಣಮೀನಿನ ರಸವಿರಬಹುದು. ಇಂದು ಅನೇಕ ದೇಶಗಳಲ್ಲಿ ಪೊಟ್ಟಣದ ಮೇಲೆ ಸಸ್ಯಾಹಾರದ ಗುರುತನ್ನು ಮುದ್ರಿಸುತ್ತಿರುವುದರಿಂದ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗಿದೆ. ಆದರೂ ಓದಿ ಕೊಳ್ಳುವ ರೂಢಿಯನ್ನು ಬಿಡಬಾರದು.

ಮೂರನೆಯದು ಹಣದ ವ್ಯವಹಾರ. ನಮ್ಮಲ್ಲಿ ನಾಲ್ವರು ಹೋಟೆಲಿಗೆ ಹೋದರೆ ದುಡ್ಡು ಕೊಡಲು ನಾಲ್ವರೂ ಜಗಳಾಡುತ್ತಾರೆ. ಜರ್ಮನಿಯಲ್ಲಿ ಅವರವರ ಲೆಕ್ಕವನ್ನು ಅವರವರು ಕೊಡುವುದು ಸಾಮಾನ್ಯ. ಅದನ್ನು ಜಿಪುಣತನವೆಂದು ಬಗೆಯಬಾರದು. ಇಂಗ್ಲೆಂಡಿನ ಪಾನಗೃಹಗಳಲ್ಲಿ ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ತರಿಸುವ ಪದ್ಧತಿಯಿದೆ. ಕುಡಿಯದವನು ಕಿತ್ತಳೆಯ ರಸ ಹಿಡಿದು ಕುಳಿತರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ತನ್ನ ಸರದಿ ಬಂದಾಗ ಜಾರಿಕೊಂಡವನನ್ನು ಬಹುಕಾಲ ಮರೆಯುವುದಿಲ್ಲ. ಅಮೆರಿಕದಲ್ಲಿ ಬಡಿಸುವವರಿಗೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಇನಾಮು ಕೊಡುವುದು ಸಂಬಳದ ಭಾಗವೆಂಬಷ್ಟು ರೂಢವಾಗಿದೆ. ಜಪಾನಿನಲ್ಲಿ ಇನಾಮು ಕೊಡುವ ವಾಡಿಕೆಯೇ ಇಲ್ಲ.

ನನ್ನ ಒಂದು ತಪ್ಪು

ಇಷ್ಟೆಲ್ಲವನ್ನೂ ನಾನು ಕಲಿತದ್ದು ಆಮೇಲೆ. ಮೊದಲ ವರ್ಷ ನಾನು ಹಿಡಿದ ಮಾರ್ಗ ಸುಲಭವಾದದ್ದಾಗಿತ್ತು: ಯಾರು ಕರೆದರೂ ಹೋಗದಿರುವುದು. "ಕೆಲಸವಿದೆ", "ತಲೆನೋವು" ಎಂದು ನೆಪ ಹೇಳಿ ಕೋಣೆಗೆ ಮರಳುತ್ತಿದ್ದೆ. ಆಚಾರವನ್ನು ಕಾಯ್ದುಕೊಳ್ಳುತ್ತಿದ್ದೇನೆಂಬ ಸಮಾಧಾನವಿತ್ತು. ವಾಸ್ತವವಾಗಿ ನನ್ನನ್ನು ಆಳುತ್ತಿದ್ದುದು ನಾಚಿಕೆ.

ನಾನಿದ್ದ ಮನೆಯ ಪಕ್ಕದಲ್ಲಿ ನೇಯ್ಗೆಯ ಗಿರಣಿಯಿಂದ ನಿವೃತ್ತಳಾದ ವೃದ್ಧೆಯೊಬ್ಬಳಿದ್ದಳು. ಗಂಡ ತೀರಿಹೋಗಿದ್ದ, ಇದ್ದೊಬ್ಬ ಮಗ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದ್ದ. ಕ್ರಿಸ್‌ಮಸ್ ದಿನ ತನ್ನಲ್ಲಿಗೆ ಊಟಕ್ಕೆ ಬರಬೇಕೆಂದು ಅವಳು ಎರಡು ವಾರ ಮೊದಲೇ ಹೇಳಿದ್ದಳು. ಟರ್ಕಿ ಕೋಳಿಯ ಮಾಂಸವಿರುವ ಮೇಜಿಗೆ ಹೇಗೆ ಕುಳಿತುಕೊಳ್ಳುವುದೆಂದು ಹೆದರಿ, ಅಂದು ಬೆಳಿಗ್ಗೆ ಜ್ವರ ಬಂದಿದೆಯೆಂದು ಚೀಟಿ ಬರೆದು ಅವಳ ಬಾಗಿಲಡಿ ಸರಿಸಿದೆ.

ಮರುದಿನ ಅವಳೇ ಮುಚ್ಚಿದ ಬಟ್ಟಲೊಂದನ್ನು ಹಿಡಿದು ಬಂದಳು. ಗ್ರಂಥಾಲಯದಿಂದ ಸಸ್ಯಾಹಾರದ ಅಡಿಗೆ ಪುಸ್ತಕ ತಂದು, ಮಾಂಸವಿಲ್ಲದ ಅಡಿಗೆಯನ್ನು ಇಬ್ಬರಿಗಾಗುವಷ್ಟು ಮಾಡಿದ್ದಳು. ಪುಡಿಂಗಿಗೆ ಕೊಬ್ಬಿನ ಬದಲು ಬೆಣ್ಣೆ ಹಾಕಿದ್ದಳು. ತನಗಾಗಿ ಕೂಡ ಮಾಂಸ ತಂದಿರಲಿಲ್ಲ. ಆ ದೊಡ್ಡ ಹಬ್ಬದ ದಿನ ಅವಳು ಎರಡು ತಾಟು ಇಟ್ಟು ಒಬ್ಬಳೇ ಕುಳಿತು ಉಂಡಿದ್ದಳು.

ಒಂದು ವಾರ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಹೊಸ ವರ್ಷದ ದಿನ ಹೋಗಿ ನಿಜವನ್ನು ಹೇಳಿದೆ. "ನನಗೆ ಗೊತ್ತಿತ್ತು. ಜ್ವರ ಬಂದವರ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ರೇಡಿಯೋ ಹಾಡುವುದಿಲ್ಲ" ಎಂದಳು. ಆಮೇಲೆ ಚಹಕ್ಕೆ ನೀರಿಟ್ಟಳು. ಹತ್ತಿರದ ಸಾಲ್ಫರ್ಡಿನಲ್ಲಿ ಮಾಂಸ ತಿನ್ನದವರ ಒಂದು ಕ್ರೈಸ್ತ ಪಂಥವೇ ಇತ್ತೆಂದು ತಿಳಿಸಿದವಳೂ ಅವಳೇ. 1809ರಲ್ಲಿ ವಿಲಿಯಂ ಕೌಹರ್ಡ್ ಎಂಬ ಪಾದ್ರಿ ಅದನ್ನು ಸ್ಥಾಪಿಸಿದ್ದನು. 1847ರಲ್ಲಿ ರ‍್ಯಾಮ್ಸ್‌ಗೇಟಿನಲ್ಲಿ ಇಂಗ್ಲೆಂಡಿನ ಸಸ್ಯಾಹಾರಿ ಸಂಘ ಹುಟ್ಟಿದಾಗ ಅದರ ಪ್ರಥಮ ಅಧ್ಯಕ್ಷರಾದ ಜೇಮ್ಸ್ ಸಿಂಪ್ಸನ್ ಆ ಪಂಥದವರೇ. ನಮ್ಮ ಆಚಾರ ಆ ಜನಕ್ಕೆ ವಿಚಿತ್ರವಾಗಿ ಕಾಣುವುದೆಂಬ ನನ್ನ ಕಲ್ಪನೆ ಬರಿಯ ಅಜ್ಞಾನವಾಗಿತ್ತು.

ಊರಿನಲ್ಲಿಯೇ ಇದ್ದ ಪಾಠ

ಆಮೇಲೆ ವಿಚಾರ ಮಾಡಿದಾಗ, ಈ ಪಾಠಕ್ಕಾಗಿ ಇಂಗ್ಲೆಂಡಿಗೆ ಹೋಗುವ ಅವಶ್ಯಕತೆಯೇ ಇರಲಿಲ್ಲವೆಂದು ತೋರಿತು. ಶೇಡಬಾಳವು ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಜನಿಸಿದ ಊರು. ಇಲ್ಲಿ ಲಿಂಗಾಯತರೂ ಜೈನರೂ ಗೋಡೆಗೆ ಗೋಡೆ ಹಚ್ಚಿ ಬಾಳಿದವರು. ಜೈನ ಗೆಳೆಯನು ನಮ್ಮ ಮನೆಗೆ ಬಂದಾಗ ಹೊತ್ತು ಮುಳುಗಿದ್ದರೆ, "ಕತ್ತಲಾತು ಅತ್ತಿ, ಊಟ ಬ್ಯಾಡ, ನೀರು ಕೊಡ್ರಿ" ಎಂದು ನೇರವಾಗಿ ಹೇಳುತ್ತಿದ್ದನು. ಕೆಲವರು ನೀರನ್ನೂ ಮುಟ್ಟುತ್ತಿರಲಿಲ್ಲ. ಗಡ್ಡೆಗೆಣಸು ತಿನ್ನದವರ ಸಲುವಾಗಿ ನಮ್ಮವ್ವ ಉಳ್ಳಾಗಡ್ಡಿ ಹಾಕದ ಪಲ್ಯವನ್ನು ಬೇರೆ ತೆಗೆದಿಡುತ್ತಿದ್ದಳು. ಹೇಳುವವನಿಗೆ ಸಂಕೋಚವಿರಲಿಲ್ಲ, ಕೇಳುವವಳಿಗೆ ಅವಮಾನವೆನಿಸುತ್ತಿರಲಿಲ್ಲ. ಬಾಲ್ಯದಲ್ಲಿ ಕಣ್ಣಾರೆ ಕಂಡ ಈ ನಡತೆಯನ್ನು ನಾನು ಪರದೇಶಕ್ಕೆ ಹೋಗುವಾಗ ಊರಿನಲ್ಲಿಯೇ ಬಿಟ್ಟು ಹೋಗಿದ್ದೆ.

ಅಂದಿನಿಂದ ಆಮಂತ್ರಣ ಬಂದೊಡನೆ "ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮದ್ಯ ಕುಡಿಯುವುದಿಲ್ಲ, ಬ್ರೆಡ್ಡು, ಆಲೂಗಡ್ಡೆ ಇದ್ದರೂ ನನಗೆ ಸಾಕು, ನಿಮ್ಮೊಡನೆ ಕುಳಿತುಕೊಳ್ಳಲು ಸಂತೋಷ" ಎಂದು ಹೇಳತೊಡಗಿದೆ. ಹೀಗೆ ಹೇಳಿದ ಮೇಲೆ ಒಬ್ಬರೂ ನನ್ನನ್ನು ಕರೆಯದೆ ಬಿಡಲಿಲ್ಲ.

ನಮ್ಮವರ ಕೂಟಗಳು

1972ರಲ್ಲಿ ಯುಗಾಂಡದಿಂದ ಹೊರದೂಡಲ್ಪಟ್ಟ ಭಾರತೀಯ ಮೂಲದವರಲ್ಲಿ ಸುಮಾರು 27 ಸಾವಿರ ಜನ ಬ್ರಿಟನ್ನಿಗೆ ಬಂದರು. ಅವರಲ್ಲಿ ಬಹಳಷ್ಟು ಜನರಾದ ಗುಜರಾತಿಗಳು ತೆರೆದ ಅಂಗಡಿಗಳಿಂದ ನಮಗೆ ಬೇಳೆ, ಹಿಟ್ಟು, ಮಸಾಲೆಗಳು ದೊರೆಯತೊಡಗಿದವು. ಜೋಳದ ಹಿಟ್ಟು ಮಾತ್ರ ದುರ್ಲಭ. ಊರಿನಿಂದ ಒಯ್ದದ್ದು ಹಳೆಯದಾದಂತೆ ಜಿಗಿ ಕಳೆದುಕೊಂಡು, ಬಡಿಯುವಾಗಲೇ ರೊಟ್ಟಿ ಬಿರಿಯುತ್ತಿತ್ತು. ಬಿರಿದ ರೊಟ್ಟಿಯನ್ನೇ ಹಂಚಿಕೊಂಡು ತಿನ್ನಲು ನಮ್ಮ ಭಾಗದವರು ಇಪ್ಪತ್ತು ಮೂವತ್ತು ಮೈಲಿಯಿಂದ ಬರುತ್ತಿದ್ದರು. ಇಂಥ ಕೂಡುವಿಕೆಗಳೇ ಕ್ರಮೇಣ ಸಂಘಗಳಾದವು. 1983ರಲ್ಲಿ ಬ್ರಿಟನ್ನಿನಲ್ಲಿ ಕನ್ನಡ ಬಳಗ ಸ್ಥಾಪಿತವಾಯಿತು. 1998ರಲ್ಲಿ ಅಮೆರಿಕದ ಕನ್ನಡ ಕೂಟಗಳು ಸೇರಿ "ಅಕ್ಕ" ಒಕ್ಕೂಟವಾಯಿತು. ಉತ್ತರ ಅಮೆರಿಕದಲ್ಲಿ ವೀರಶೈವ ಸಮಾಜವೂ ಇದೆ. 2015ರ ನವೆಂಬರ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಬಸವ ಜಯಂತಿಯಂದು ಪ್ರತಿಯೊಂದು ಮನೆಯವರೂ ಒಂದೊಂದು ಅಡಿಗೆ ಮಾಡಿ ತಂದು ಕೂಡಿ ಉಣ್ಣುವ ಪದ್ಧತಿ ಪರದೇಶದಲ್ಲಿಯೂ ನಡೆಯುತ್ತಿದೆ.

ಇದು ಹೆಮ್ಮೆಯ ಸಂಗತಿ. ಆದರೆ ನಮ್ಮವರೊಡನೆ ಮಾತ್ರ ಉಂಡು, ನೆರೆಮನೆಯವರ ಹೆಸರು ಸಹ ತಿಳಿಯದೆ ಮೂವತ್ತು ವರ್ಷ ಕಳೆದವರನ್ನೂ ನಾನು ಕಂಡಿದ್ದೇನೆ. ಪ್ರತಿಮೆಗೆ ಮಾಲೆ ಹಾಕಿ, ಪಕ್ಕದ ಮನೆಯ ಬಾಗಿಲನ್ನು ತಟ್ಟದಿದ್ದರೆ ಬಸವಣ್ಣನವರ ಮಾತನ್ನು ಅರ್ಧವೇ ನಡೆಸಿದಂತಾಯಿತು.

ಶಾಲೆಗೊಂದು ಬಿನ್ನಹ

ಇಂದು ನಮ್ಮ ತಾಲೂಕುಗಳ ಎಷ್ಟೋ ಮಕ್ಕಳು ಓದು ಉದ್ಯೋಗಗಳಿಗಾಗಿ ಪರದೇಶಕ್ಕೆ ಹೋಗುತ್ತಿದ್ದಾರೆ. ಗುರುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಅವರಿಗೆ ತಮ್ಮ ಆಚಾರವನ್ನು ಕಲಿಸುವಾಗಲೇ, ಅದನ್ನು ನಾಚಿಕೆಯಿಲ್ಲದೆ ವಿನಯದಿಂದ ಹೇಳುವುದನ್ನೂ ಕಲಿಸಬೇಕು. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಹೊಸದಾಗಿ ಬಂದ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಮೊದಲ ತಿಂಗಳಲ್ಲಿ ಒಮ್ಮೆಯಾದರೂ ಮನೆಗೆ ಕರೆದು ಉಣ್ಣಿಸಬೇಕು. ದಾನಿಗಳು ಪ್ರಸಾದ ನಿಲಯಕ್ಕೆ ಕೊಡುವ ಜೋಳದ ಚೀಲದಿಂದ ಹಸಿವು ಹಿಂಗುವುದಷ್ಟೇ ಅಲ್ಲದೆ, ಸಾಲಿನಲ್ಲಿ ಕುಳಿತು ಕಡೆಯವನಿಗಾಗಿ ಕಾಯುವ ಬುದ್ಧಿಯೂ ಬೆಳೆಯುತ್ತದೆ. ಅದು ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ.

ಆ ವೃದ್ಧೆ ಇನ್ನೂ ಒಂಬತ್ತು ವರ್ಷ ಬದುಕಿದ್ದಳು. ಆ ಒಂಬತ್ತು ಕ್ರಿಸ್‌ಮಸ್‌ಗಳಲ್ಲಿಯೂ ನಾನು ಅವಳ ಮೇಜಿನಲ್ಲಿಯೇ ಉಂಡೆ. ಕಡೆಯ ವರ್ಷಗಳಲ್ಲಿ ಅಡಿಗೆ ನನ್ನ ಮನೆಯಿಂದ ಹೋಗುತ್ತಿತ್ತು. ಶೇಂಗಾ ಹೋಳಿಗೆ ಅವಳಿಗೆ ಬಹಳ ಸೇರುತ್ತಿತ್ತು.